ನಾವಡರ ಪದ್ಯವೂ ಅಮ್ಮನ ಕೆಮ್ಮೂ

ಸೊರಬದ ಕಡೆ ನಾಲ್ಕು ಜನ ಗಂಡಸರು ಕೂತಲ್ಲಿ ಮಾತಿಗೆ ಎರಡು ವಿಷಯ ಸಾಕು. ಒಂದು ಅಡಿಕೆ ಧಾರಣೆ, ಇನ್ನೊಂದು ಕಾಳಿಂಗ ನಾವಡರ ಶ್ರುತಿ. ಧಾರಣೆಯ ಮಾತು ಚಹ ಆರುವುದರೊಳಗೆ ಮುಗಿಯುತ್ತದೆ. ಶ್ರುತಿಯದು ಮುಗಿಯುವುದಿಲ್ಲ. ಅವರು ಏರುತ್ತಿದ್ದದ್ದು ಕಪ್ಪು ಮೂರಕ್ಕೋ ಬಿಳಿ ಐದಕ್ಕೋ ಎಂಬ ವಾದ ನಾನು ಪಿಯುಸಿ ಓದುವಾಗ ಶುರುವಾದದ್ದು. ನನಗೀಗ ನಿವೃತ್ತಿಗೆ ನಾಲ್ಕು ವರ್ಷ ಉಳಿದಿದೆ. ವಾದ ಮಾತ್ರ ಇನ್ನೂ ಸೇವೆಯಲ್ಲಿದೆ.

ಶಿಕಾರಿಪುರದ ನನ್ನ ಸಹೋದ್ಯೋಗಿಗಳಿಗೆ ಇದೆಲ್ಲ ವಿಚಿತ್ರವಾಗಿ ಕಾಣುತ್ತದೆ. ಎರಡು ಊರಿನ ನಡುವೆ ಇರುವುದು ಒಂದು ಶಿರಾಳಕೊಪ್ಪ. ಆದರೆ ‘ಆಟ’ ಎಂಬ ಮಾತಿನ ಅರ್ಥವೇ ಅಷ್ಟರಲ್ಲಿ ಬದಲಾಗಿಬಿಡುತ್ತದೆ. ಆ ಕಡೆಯವರಿಗೆ ದೊಡ್ಡಾಟ, ಕಂಪನಿ ನಾಟಕ, ಭಜನೆ. ನಮಗೆ ಆಟವೆಂದರೆ ಘಟ್ಟದ ಕೆಳಗಿನಿಂದ ಬರುವ ಯಕ್ಷಗಾನ ಮೇಳ, ಟೆಂಟು, ಬೆಳಗಿನ ಜಾವದವರೆಗೆ ಚೆಂಡೆ. ಹಾಗಾಗಿ ತಿಳಿಯದವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾಳಿಂಗ ನಾವಡರು 1958ರಲ್ಲಿ ಸಾಲಿಗ್ರಾಮದ ಹತ್ತಿರದ ಗುಂಡ್ಮಿಯಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ನಾರಣಪ್ಪ ಉಪ್ಪೂರರ ಶಿಷ್ಯರಾಗಿ ಕಲಿತು, ಸಾಲಿಗ್ರಾಮ ಮೇಳದ ಭಾಗವತರಾಗಿ, ಬಡಗುತಿಟ್ಟಿನ ಹಾಡುಗಾರಿಕೆಗೆ ಹೊಸ ರಾಗ, ಹೊಸ ಎಳೆತ, ಹೊಸ ಹುಚ್ಚು ತಂದವರು. ‘ನಾಗಶ್ರೀ’ಯಂಥ ಪ್ರಸಂಗಗಳನ್ನು ತಾವೇ ಬರೆದರು. ಹಳಬರು ಇದು ಯಕ್ಷಗಾನವೋ ಸಂಗೀತ ಕಚೇರಿಯೋ ಎಂದು ಸಿಡುಕಿದರು. ಕಾಲೇಜು ಹುಡುಗರು ಸೈಕಲ್ಲಿನ ಮೇಲೆ ಊರಿಂದೂರಿಗೆ ಮೇಳದ ಹಿಂದೆ ಹೋದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರು ಮೂವತ್ತೆರಡರ ಅಂಚಿನಲ್ಲಿದ್ದರು. ಅಷ್ಟು ಚಿಕ್ಕ ವಯಸ್ಸಿಗೆ ಹೋದವರ ಸ್ವರಕ್ಕೆ ಮುಪ್ಪು ಬರುವುದಿಲ್ಲ. ಅಭಿಮಾನಿಗಳಿಗೆ ಅದೇ ಭಾಗ್ಯ, ಅದೇ ತೊಂದರೆ.

ಕಳೆದ ಬೇಸಿಗೆ ರಜೆಯಲ್ಲಿ ಸೊರಬದ ಹತ್ತಿರದ ಒಂದು ಮನೆಯ ಜಗುಲಿಯಲ್ಲಿ ನಾವಡರ ಅಭಿಮಾನಿಗಳು ಸೇರಿದ್ದರು. ಹಳೆಯ ಆಟಗಳಲ್ಲಿ ಮುದ್ರಿಸಿಕೊಂಡ ಅಪರೂಪದ ಪದ್ಯಗಳನ್ನು ಒಬ್ಬರು ವರ್ಷಗಟ್ಟಲೆ ಕೂಡಿಹಾಕಿ, ಗಲಾಟೆ ತೆಗೆದು ಶುದ್ಧಮಾಡಿ, ಪೆನ್‌ಡ್ರೈವಿನಲ್ಲಿ ತಂದಿದ್ದರು. ಒಟ್ಟು ಇಪ್ಪತ್ತೈದು ಪದ್ಯ. ಅದರಲ್ಲಿ ಏಳೆಂಟು ನಮ್ಮಣ್ಣ ಮುದ್ರಿಸಿದ ಕ್ಯಾಸೆಟ್ಟುಗಳಿಂದ ತೆಗೆದದ್ದಾದ್ದರಿಂದ ನನಗೂ ಕರೆ ಬಂದಿತ್ತು. ಹೆಂಗಸರಲ್ಲಿ ನಾನೊಬ್ಬಳೇ. ಒಳಗೆ ಅವಲಕ್ಕಿ ಕಲಸುತ್ತಿದ್ದವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೇಳಿದೆವು. ಸ್ವರ ಎಷ್ಟು ಸ್ಪಷ್ಟವೆಂದರೆ ನಾವಡರು ಪಕ್ಕದ ಕಂಬಕ್ಕೆ ಒರಗಿ ಕೂತಂತಿತ್ತು. ಒಂದೊಂದು ಪದ್ಯ ಮೇಲೆ ಹೋದಾಗಲೂ ಜಗುಲಿಯ ತುಂಬ ‘ಆಹಾ’. ಮೊದಲ ಐದಾರಕ್ಕೆ ನಾನೂ ಆಹಾ ಎಂದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಏನೋ ಸಾಕಾದಂತಾಯಿತು. ಯಾಕೆಂದು ಯೋಚಿಸಿದರೆ, ಇಪ್ಪತ್ತೈದಕ್ಕೆ ಇಪ್ಪತ್ತೈದೂ ಏರುಸ್ವರದ ಪದ್ಯಗಳೇ. ಊಟಕ್ಕೆ ಕರೆದು ಬರೀ ಹಪ್ಪಳ ಬಡಿಸಿದ ಹಾಗೆ. ನಾವಡರು ಕೆಳಗಿನ ಸ್ವರದಲ್ಲಿ, ಹೆಚ್ಚು ಕಡಿಮೆ ಮಾತಾಡಿದಂತೆ ಹಾಡುತ್ತಿದ್ದ ದುಃಖದ ಪದ್ಯ ಒಂದೂ ಇಲ್ಲ. ಮಾತಿನ ಬೆನ್ನಿಗೇ ಚುರುಕಾಗಿ ಎತ್ತಿ ಬಿಡುತ್ತಿದ್ದ ಚಿಕ್ಕ ಪದ್ಯವೂ ಇಲ್ಲ. ನನ್ನ ಕೇಳಿದರೆ ಆ ಮನುಷ್ಯನ ದೊಡ್ಡತನ ಏರಿದಲ್ಲಿ ಇರಲಿಲ್ಲ, ಕಾಯ್ದಲ್ಲಿ ಇತ್ತು. ವೇಷಧಾರಿ ಅರ್ಥ ಹೇಳಿ ಮುಗಿಸುತ್ತ ಬರುವಾಗ ಆತನ ಕೊನೆಯ ಮಾತು ಯಾವ ಎತ್ತರಕ್ಕೆ ನಿಂತಿತೋ ಅಲ್ಲಿಂದಲೇ ಹಿಡಿದು ಪದ್ಯ ತೆಗೆಯುತ್ತಿದ್ದರು. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಇದು ಕೇಳಬೇಕಾದರೆ ಮಾತೂ ಬೇಕಲ್ಲ! ಸಂಗ್ರಹದಲ್ಲಿ ಮಾತನ್ನೆಲ್ಲ ಕತ್ತರಿಸಿದ್ದರು.

ಚಂದ್ರಹಾಸ ಚರಿತ್ರೆಯ ಒಂದು ಪದ್ಯವನ್ನೇ ತೆಗೆದುಕೊಳ್ಳಿ. ಉದ್ಯಾನದಲ್ಲಿ ಮಲಗಿದ ಚಂದ್ರಹಾಸನನ್ನು ವಿಷಯೆ ನೋಡುವ ಸಂದರ್ಭ. ಅವನ ಬಳಿಯ ಪತ್ರದಲ್ಲಿ ‘ವಿಷವನ್ನು ಕೊಡು’ ಎಂದಿದ್ದದ್ದನ್ನು ಕಣ್ಣಕಾಡಿಗೆಯಿಂದ ಒಂದಕ್ಷರ ತಿದ್ದಿ ‘ವಿಷಯೆಯನ್ನು ಕೊಡು’ ಎಂದು ಮಾಡುವ ಜಾಣೆ ಅವಳು. (ನಮ್ಮ ಪುರಾಣದಲ್ಲಿ ತಿದ್ದುಪಡಿ ಮಾಡಿ ಒಳ್ಳೆಯದಾದ ಉದಾಹರಣೆ ಇದೊಂದೇ ಇರಬೇಕು.) 1989ರ ಜನವರಿಯಲ್ಲಿ ಸೊರಬದ ಟೆಂಟಿನಲ್ಲಿ ನಾನು ಇದನ್ನು ನೋಡಿದ್ದೆ, ಅಣ್ಣ ಮುದ್ರಿಸಿದ್ದ. ನಾವಡರು ಅಲ್ಲಿ ಒಂದೇ ಸಾಲನ್ನು ನಾಲ್ಕು ಬಾರಿ ಹಾಡಿದ್ದರು. ಮೊದಲ ಸಲ ವಿಷಯೆ ನಾಚಿದಳು. ಎರಡನೆಯ ಸಲ ಸುತ್ತ ಯಾರಿದ್ದಾರೆಂದು ನೋಡಿದಳು. ಮೂರನೆಯದಕ್ಕೆ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಬಂದಳು, ಟೆಂಟು ನಕ್ಕಿತು. ನಗು ಇಳಿಯುವವರೆಗೆ ಮದ್ದಲೆಯೊಂದೇ ನುಡಿಯುತ್ತಿತ್ತು. ಆಮೇಲೆ ನಾಲ್ಕನೆಯ ಸಲ, ತೀರ ಮೆಲ್ಲಗೆ, ಅದೇ ಸಾಲು. ಅಣ್ಣನ ಕ್ಯಾಸೆಟ್ಟಿನಲ್ಲಿ ಗೆಜ್ಜೆ, ನಗು, ಮದ್ದಲೆ ಎಲ್ಲ ಇದ್ದುದರಿಂದ ಕಣ್ಣು ಮುಚ್ಚಿದರೂ ವಿಷಯೆ ಎಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ಪೆನ್‌ಡ್ರೈವಿನಲ್ಲಿ ಆ ಸಾಲು ಒಂದೇ ಸಲ ಬಂತು, ಎಲ್ಲಕ್ಕಿಂತ ಗಟ್ಟಿಯಾಗಿ ಹಾಡಿದ್ದು. “ಉಳಿದ ಮೂರು ಅದೇ ಸಾಲಲ್ವಾ ಅಕ್ಕಾ, ಬೋರಾಗ್ತದೆ” ಎಂದರು.

ಇನ್ನು ಶ್ರುತಿಯ ವಾದ. ಆ ದಿನ ಒಂದು ಪದ್ಯ ಹಾಕಿ, ಮೊಬೈಲಿನಲ್ಲೇ ಶ್ರುತಿ ಪರೀಕ್ಷಿಸಿ, ಬಿಳಿ ಐದನ್ನೂ ದಾಟಿದೆಯೆಂದು ತೀರ್ಮಾನವಾಯಿತು. ಇದಕ್ಕಿಂತ ಅಪರೂಪದ್ದು ಇಲ್ಲವೆಂದರು. ನನಗೆ ನಗು ತಡೆಯುವುದು ಕಷ್ಟವಾಯಿತು. ಅದು ನಮ್ಮಣ್ಣನದೇ ಕ್ಯಾಸೆಟ್ಟು. ಆಗಿನ ಟೇಪ್ ರೆಕಾರ್ಡರಿಗೆ ದೊಡ್ಡ ಸೆಲ್ಲು ಹಾಕಬೇಕಿತ್ತು. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಆಟ; 90 ನಿಮಿಷದ ಕ್ಯಾಸೆಟ್ಟಾದರೂ ಐದು ಬೇಕು. ಮೂರನೆಯ ಕ್ಯಾಸೆಟ್ಟಿನ ಹೊತ್ತಿಗೆ ಸೆಲ್ಲು ಸೋಲುತ್ತಿತ್ತು. ಸೆಲ್ಲು ಸೋತರೆ ಟೇಪು ನಿಧಾನವಾಗಿ ಓಡುತ್ತದೆ. ನಿಧಾನವಾಗಿ ಓಡಿದ ಟೇಪಿನಲ್ಲಿ ಮುದ್ರಿಸಿದ್ದನ್ನು ಮನೆಗೆ ತಂದು ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ಕೇಳಿದರೆ ಎಲ್ಲವೂ ಬೇಗ ಓಡಿ, ಶ್ರುತಿ ಮೇಲಕ್ಕೆ ಹೋಗುತ್ತದೆ. ಅಂದರೆ ಆ ಪದ್ಯದಲ್ಲಿ ನಾವಡರು ಎಷ್ಟು ಏರಿದ್ದಾರೋ ಅದರ ಮೇಲಿನ ಒಂದೆರಡು ಮನೆ ಏರಿದ್ದು ಸೆಲ್ಲು. ಮಾತನ್ನು ಕತ್ತರಿಸದೆ ಇಟ್ಟಿದ್ದರೆ ಇದು ಯಾರಿಗಾದರೂ ತಿಳಿಯುತ್ತಿತ್ತು. ಅಲ್ಲಿ ಅರ್ಥ ಹೇಳುವ ದುಷ್ಟಬುದ್ಧಿ ಏಳನೇ ಕ್ಲಾಸಿನ ಹುಡುಗನಂತೆ ಮಾತಾಡುತ್ತಾನೆ! ಅಣ್ಣ ಕ್ಯಾಸೆಟ್ಟಿನ ಡಬ್ಬಿಯ ಚೀಟಿಯಲ್ಲಿ ತಾರೀಕು, ಊರು, ಪ್ರಸಂಗ, ಕೆಳಗೆ ಕೆಂಪು ಶಾಯಿಯಲ್ಲಿ ‘ಸೆಲ್ಲು ವೀಕು’ ಎಂದೂ ಬರೆದಿಟ್ಟಿದ್ದ. ಚೀಟಿಯನ್ನು ಯಾರು ಓದುತ್ತಾರೆ? ಹೇಳಿದೆ. ಒಬ್ಬರು ಸಿಟ್ಟಾದರು. “ಟೀಚರಿಗೆ ನಾವಡರೆಂದರೆ ಅಷ್ಟಕ್ಕಷ್ಟೆ” ಎಂದರು.

ಹಾಗಲ್ಲ. ಅವರಷ್ಟೇ ಹುಚ್ಚು ನನಗೂ ಇತ್ತು. 1990ರಲ್ಲಿ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಯಾರೂ ಊಟಕ್ಕೆ ಏಳಲಿಲ್ಲ. ಅಭಿಮಾನಿಗಳ ಉಪಕಾರವನ್ನು ಕಡೆಗಣಿಸುವಂತೆಯೂ ಇಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಸ್ಟುಡಿಯೋ ಕ್ಯಾಸೆಟ್ಟಿನಲ್ಲಿ ಇಡೀ ರಾತ್ರಿಯ ಪ್ರಸಂಗವನ್ನು ಒಂದು ಒಂದೂವರೆ ಗಂಟೆಗೆ ಹಿಂಡಿ ಇಟ್ಟಿರುತ್ತಿದ್ದರು. ಅಲ್ಲಿ ಭಾಗವತರು ಕಾಯುವುದು ಯಾರನ್ನು? ಆಟದ ನಾವಡರು ಉಳಿದಿದ್ದರೆ ಚಳಿಯಲ್ಲಿ ರೆಕಾರ್ಡರು ತೊಡೆಯ ಮೇಲಿಟ್ಟುಕೊಂಡು ಕೂತ ಇಂಥ ಹುಡುಗರಿಂದಲೇ ಉಳಿದದ್ದು. ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗ ಹೇಳುತ್ತಿದ್ದ: ಅಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡವಿತ್ತಂತೆ. ಕಾರ್ಯಕ್ರಮವನ್ನು ಕೇಳುಗರು ಮುದ್ರಿಸಿಕೊಳ್ಳುವುದಕ್ಕೆ ಅದು ಬೇಡವೆನ್ನಲಿಲ್ಲ; 1984ರಿಂದ ಅಂಥವರಿಗೆ ಪ್ರತ್ಯೇಕ ಜಾಗವನ್ನೇ ಬಿಟ್ಟುಕೊಟ್ಟಿತು. ಅಭಿಮಾನಿಗಳು ದುಡ್ಡು ತೆಗೆದುಕೊಳ್ಳದೆ ಟೇಪು ಬದಲಾಯಿಸಿಕೊಳ್ಳುತ್ತಿದ್ದರು. ಪ್ರತಿ ಟೇಪಿನ ಮೇಲೂ ದಿನ, ಸ್ಥಳ, ಹಾಡುಗಳ ಸರಣಿ. ನಮ್ಮವರೂ ದುಡ್ಡು ತೆಗೆದುಕೊಳ್ಳುವವರಲ್ಲ, ಆ ಮಟ್ಟಿಗೆ ಸಮಾನರು. ಆದರೆ ಪೆನ್‌ಡ್ರೈವಿನ ಪದ್ಯಗಳ ಹೆಸರು ನೋಡಿ: ‘ನಾವಡ ಸೂಪರ್ 1’, ‘ನಾವಡ ಸೂಪರ್ 2’.

ಆ ಪಟ್ಟಿಯಲ್ಲಿ ಮದ್ದಲೆಯವರ ಹೆಸರಿಲ್ಲ, ಚೆಂಡೆಯವರ ಹೆಸರಿಲ್ಲ. ದುರ್ಗಪ್ಪ ಗುಡಿಗಾರರ ಮದ್ದಲೆ, ಕೆಮ್ಮಣ್ಣು ಆನಂದರ ಚೆಂಡೆ ಇಲ್ಲದೆ ನಾವಡರ ಆ ಪದ್ಯಗಳಿಗೆ ನಿಲ್ಲಲು ನೆಲ ಎಲ್ಲಿಂದ ಬರಬೇಕಿತ್ತು? ಗಲಾಟೆ ತೆಗೆಯುವ ಯಂತ್ರಕ್ಕೆ ಚೆಂಡೆಯೂ ಗಲಾಟೆಯಂತೆಯೇ ಕೇಳಿಸಿರಬೇಕು, ಅದು ಎಲ್ಲೋ ದೂರದ ಊರಿನ ಜಾತ್ರೆಯಲ್ಲಿ ಬಡಿದಂತಿದೆ. ಶಿಕಾರಿಪುರದವರು ಆಟ ಅರಿಯದವರೆಂದು ನಮ್ಮ ಸೊರಬದವರು ಆಡಿಕೊಳ್ಳುವುದುಂಟು. ಆದರೆ ಅದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಅಲ್ಲಮ ಮದ್ದಲೆ ಬಾರಿಸುತ್ತಿದ್ದನೆಂದು ಹರಿಹರ ಹೇಳುತ್ತಾನೆ. ನನ್ನ ಮಕ್ಕಳನ್ನು ಪ್ರತಿ ವರ್ಷ ಕೇದಾರೇಶ್ವರ ದೇವಸ್ಥಾನಕ್ಕೆ ಕರೆದೊಯ್ದಾಗ ಅವರು ಕೇಳುವುದು ಇದನ್ನೇ: “ಟೀಚರ್, ಹಾಡುತ್ತಿದ್ದವರು ಯಾರು?” ಅಲ್ಲಿ ಮದ್ದಲೆಯವನ ಹೆಸರು ಉಳಿದಿದೆ, ಹಾಡಿದವರದು ಹೋಗಿದೆ.

ನಾನು ಹೇಳಬೇಕೆಂದಿದ್ದದ್ದು ಇನ್ನೊಂದಿದೆ. ಈ ಅಭಿಮಾನಿಗಳ ಲೆಕ್ಕದಲ್ಲಿ ನಾವಡರನ್ನು ಕೇಳಿದವರು ಗಂಡಸರು. ನಿಜವಾಗಿ ಅವರನ್ನು ಹೆಚ್ಚು ತಾಸು ಕೇಳಿದವರು ಅಡಿಕೆ ಸುಲಿಯುವ ಹೆಂಗಸರು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಅಂಗಳದ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದರು. ಡಬ್ಬದ ಲೆಕ್ಕಕ್ಕೆ ಕೂಲಿ. ನಿದ್ದೆ ಬಾರದಿರಲೆಂದು ಅಣ್ಣ ಕ್ಯಾಸೆಟ್ಟು ಹಾಕುತ್ತಿದ್ದ. ಅವರು ಏರುಸ್ವರಕ್ಕೆ ತಲೆ ಎತ್ತುತ್ತಿರಲಿಲ್ಲ, ಕೈ ಕೊಯ್ದುಕೊಳ್ಳುವ ಭಯ. ತಲೆ ಎತ್ತುತ್ತಿದ್ದದ್ದು ಮಾತಿಗೆ. ವಿಷಯೆಯ ಪದ್ಯ ಬಂದಾಗ ಒಬ್ಬಾಕೆ ಕತ್ತಿ ಬದಿಗಿಟ್ಟು, “ಆ ನಾಕನೇದು ಬರ್ಲಿ ತಡೀರಿ” ಎನ್ನುತ್ತಿದ್ದಳು. ನಾಲ್ಕನೆಯ ಸಲ ಹಾಡಿದ್ದೇ ಅಸಲು ಪದ್ಯವೆಂದು ಅವಳಿಗೆ ಯಾವ ವಿಮರ್ಶಕರೂ ಹೇಳಿಕೊಟ್ಟಿರಲಿಲ್ಲ. ‘ಬೋರಾಗ್ತದೆ’ ಎಂದು ತೆಗೆದುಹಾಕಿದ್ದು ಅದನ್ನೇ.

ಪೆನ್‌ಡ್ರೈವನ್ನು ಮನೆಗೆ ತಂದು ಅಮ್ಮನಿಗೆ ಕೇಳಿಸಿದೆ. ಅಮ್ಮನಿಗೀಗ ಎಂಬತ್ತೆರಡು, ಕಿವಿ ಇನ್ನೂ ಚುರುಕು. ವಿಷಯೆಯ ಪದ್ಯ ಮುಗಿಯುವವರೆಗೆ ಕೇಳಿ, “ಚಂದಾಗಿದೆ. ಎಲ್ಲಿಯ ಆಟ ಇದು?” ಎಂದರು. ನಮ್ಮ ಸೊರಬದ್ದೇ, ನಾವೆಲ್ಲ ಹೋಗಿದ್ದೆವಲ್ಲ ಎಂದೆ. ಅವರು ನಂಬಲಿಲ್ಲ. “ಅದರಲ್ಲಿ ನಾನು ಕೆಮ್ಮಿದ್ದಿತ್ತು. ನಿನ್ನಣ್ಣ ಬೈದದ್ದಿತ್ತು.”

ಇತ್ತು. ಆ ರಾತ್ರಿ ಚಳಿ ಜೋರು. ನೆಲದ ಟಿಕೆಟ್ಟಿನಲ್ಲಿ ಚಾಪೆ ಹಾಸಿ ಕೂತ ಅಮ್ಮನಿಗೆ ಕೆಮ್ಮು ಹತ್ತಿತ್ತು. ಮೂರನೆಯ ಮತ್ತು ನಾಲ್ಕನೆಯ ಸಾಲಿನ ನಡುವೆ, ಆ ಮದ್ದಲೆಯ ಜಾಗದಲ್ಲಿ, ಎರಡು ಸಲ ಕೆಮ್ಮು, ಅದರ ಬೆನ್ನಿಗೆ ಅಣ್ಣನ ಪಿಸುಮಾತು: “ಅಮ್ಮಾ, ಸ್ವಲ್ಪ ತಡಕೊಳ್ಳೇ, ರೆಕಾರ್ಡ್ ಆಗ್ತಾ ಇದೆ.” ಆಮೇಲೆ ನಾವಡರು. ಅಣ್ಣ 2011ರಲ್ಲಿ ತೀರಿಕೊಂಡ. ಅವನ ಸ್ವರ ನಮ್ಮ ಮನೆಯಲ್ಲಿ ಬೇರೆ ಯಾವುದರಲ್ಲೂ ಇಲ್ಲ. ಊರಿನ ಎಲ್ಲರ ಹಾಡು ಮುದ್ರಿಸಿದವನು ತನ್ನ ಮಾತನ್ನು ಬೇಕೆಂದು ಎಂದೂ ಮುದ್ರಿಸಿಕೊಂಡಿರಲಿಲ್ಲ.

ಸಂಗ್ರಹ ಮಾಡಿದವರಿಗೆ ಫೋನು ಮಾಡಿ, ಶುದ್ಧ ಮಾಡುವ ಮೊದಲಿನ ಪ್ರತಿ ಇದೆಯೇ ಎಂದು ಕೇಳಿದೆ. “ಅದನ್ನು ಇಟ್ಟುಕೊಂಡಿಲ್ಲ ಅಕ್ಕಾ, ಗಲಾಟೆ ಬಹಳ ಇತ್ತಲ್ಲ” ಎಂದರು ಪಾಪ, ನನಗೆ ಒಳ್ಳೆಯದೇ ಮಾಡಿದೆನೆಂಬ ಸ್ವರದಲ್ಲಿ. ಕೊಟ್ಟ ಹನ್ನೊಂದು ಕ್ಯಾಸೆಟ್ಟಿನಲ್ಲಿ ಒಂಬತ್ತು ವಾಪಸ್ಸು ಬಂದವು. ಉಳಿದೆರಡು ಯಂತ್ರದಲ್ಲಿ ಸಿಕ್ಕಿ ತುಂಡಾದವಂತೆ. ಚಂದ್ರಹಾಸ ಅದರಲ್ಲಿ ಒಂದು.

ಆ ಸುಲಿಯುವ ಹೆಂಗಸರಲ್ಲಿ ಒಬ್ಬಾಕೆ, ನಾಲ್ಕನೆಯದು ಬರಲಿ ಎನ್ನುತ್ತಿದ್ದವಳು, ಆ ವರ್ಷ ಕೂಲಿಯ ದುಡ್ಡಿನಲ್ಲಿ ಖಾಲಿ ಕ್ಯಾಸೆಟ್ಟು ತಂದುಕೊಟ್ಟು ಅಣ್ಣನಿಂದ ಚಂದ್ರಹಾಸದ ಪ್ರತಿ ಮಾಡಿಸಿಕೊಂಡಿದ್ದಳೆಂದು ಅಮ್ಮ ನೆನಪು ಮಾಡಿದರು. ಈಗ ಆನವಟ್ಟಿಯ ಹತ್ತಿರ ಮಗಳ ಮನೆಯಲ್ಲಿದ್ದಾಳೆ. ಹೋದ ಭಾನುವಾರ ಬಸ್ಸು ಹತ್ತಿ ಹೋಗಿ ಕೇಳಿ ಬಂದೆ. ಹಳೆಯ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿ ಇದ್ದರೂ ಇರಬಹುದು, ಮಳೆ ಕಡಿಮೆಯಾಗಲಿ, ಮೊಮ್ಮಗನನ್ನು ಹತ್ತಿಸಿ ಹುಡುಕಿಸುತ್ತೇನೆ ಎಂದಿದ್ದಾಳೆ.