ಹೊಗೆಯೇನೋ ಹೆಚ್ಚಿತು, ಬಲ?

ಅಮೆರಿಕದ ಹಳೆಯ ಸೇನಾ ಲಾರಿ ಎಂ35ಎ2 ಅನ್ನು ಹರಾಜಿನಲ್ಲಿ ಕೊಂಡವರಿಗೆ ಮೊದಲ ಏರು ಸಿಕ್ಕಾಗಲೇ ಒಂದು ಆಸೆ ಹುಟ್ಟುತ್ತದೆ: ಗಾಡಿ ಇನ್ನೊಂಚೂರು ಎಳೆದಿದ್ದರೆ! ಗೆಳೆಯರ ಬಳಿ ಅದಕ್ಕೆ ಮದ್ದು ಸಿದ್ಧವಾಗಿಯೇ ಇರುತ್ತದೆ. ಇಂಧನ ಪಂಪಿನ ಮುಚ್ಚಳ ಬಿಚ್ಚು, ಒಳಗಿರುವ ಸ್ಕ್ರೂ ತಿರುಗಿಸು, ಡೀಸೆಲ್ ಏರಿಸು. ಕಾಸು ಬಿಚ್ಚಬೇಕಿಲ್ಲ, ಊಟದ ಹೊತ್ತಿನೊಳಗೆ ಕೆಲಸ ಮುಗಿಯುತ್ತದೆ, ಗಾಡಿಯೂ ನಿಜಕ್ಕೂ ಚುರುಕಾಗುತ್ತದೆ. ಈ ಪದ್ಧತಿ ಫಲ ಕೊಡುವುದಿಲ್ಲ ಎಂದು ಯಾರೂ ಹೇಳಲಾರರು. ನನ್ನ ತಕರಾರು ಬೇರೆ. ಬಲ ಏರಿಸಲು ಹೊರಟವರ ಕಣ್ಣು ಎಂಜಿನ್ನಿನ ಮೇಲಷ್ಟೇ ಇರುತ್ತದೆ, ಅದರ ಬೆನ್ನಿಗಿರುವ ಆರು ಟನ್ ಲಾರಿಯ ಮೇಲೆ ಇರುವುದಿಲ್ಲ.

ಲಾರಿಯ ಮೂಲ ವಿನ್ಯಾಸ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಿನ ರಿಯೊ ಕಂಪನಿಯದು. 1950ರ ಸುಮಾರಿಗೆ ಪೆಟ್ರೋಲ್ ಎಂಜಿನ್ ಹೊತ್ತು ಬಂದ ಈ ಎರಡೂವರೆ ಟನ್ ಹೊರೆಯ, ಆರೂ ಗಾಲಿ ಎಳೆಯುವ ಗಾಡಿಗೆ 1960ರ ದಶಕದಲ್ಲಿ ಬಹು-ಇಂಧನ ಡೀಸೆಲ್ ಎಂಜಿನ್ ಬಂತು. ಎ2 ಮಾದರಿಯಲ್ಲಿರುವುದು ಕಾಂಟಿನೆಂಟಲ್ ವಿನ್ಯಾಸದ ಎಲ್‌ಡಿಟಿ-465. ಆರು ಸಿಲಿಂಡರ್, 7.8 ಲೀಟರ್, 22:1 ಸಂಪೀಡನ, ಜೊತೆಗೊಂದು ಟರ್ಬೊ. ಇಷ್ಟೆಲ್ಲ ಇದ್ದೂ 2600 ಸುತ್ತಿನಲ್ಲಿ ಕೊಡುವುದು ಹೆಚ್ಚುಕಡಿಮೆ 134 ಎಚ್‌ಪಿ, ಅಂದರೆ ಲೀಟರಿಗೆ 17. ಇವತ್ತಿನ ಸಾಧಾರಣ ಡೀಸೆಲ್ ಕಾರು ಒಂದೂವರೆ ಲೀಟರಿನಲ್ಲೇ ನೂರು ದಾಟುತ್ತದೆ. ಲೆಕ್ಕ ನೋಡಿದವರಿಗೆ ಕೈ ತುರಿಸದೆ ಇದ್ದೀತೆ?

ಆದರೆ ಆ ಕಡಿಮೆ ಅಂಕಿ ಎಂಜಿನಿಯರುಗಳ ಸೋಮಾರಿತನದಿಂದ ಬಂದದ್ದಲ್ಲ. ಯುದ್ಧಭೂಮಿಯಲ್ಲಿ ಏನು ಸಿಕ್ಕರೂ ಕುಡಿದು ಓಡಬೇಕು ಎಂಬುದು ಸೇನೆಯ ಬೇಡಿಕೆಯಾಗಿತ್ತು: ಡೀಸೆಲ್, ಸೀಮೆಎಣ್ಣೆ, ವಿಮಾನದ ಜೆಟ್ ಇಂಧನ, ತೀರಾ ಗತಿಯಿಲ್ಲದಾಗ ಪೆಟ್ರೋಲ್. ಅದಕ್ಕಾಗಿ ಬಳಸಿಕೊಂಡ ದಹನ ವಿಧಾನ ಜರ್ಮನಿಯ ಮಾನ್ ಕಂಪನಿಯಲ್ಲಿ ಮೊಯರರ್ ರೂಪಿಸಿದ ಎಂ-ಪದ್ಧತಿಯ ಜಾಡಿನದು. (ಜಬಲ್ಪುರದಲ್ಲಿ 1959ರಿಂದ ತಯಾರಾಗಿ ನಮ್ಮ ಸೇನೆಯ ಬೆನ್ನೆಲುಬಾದ ಶಕ್ತಿಮಾನ್ ಲಾರಿಯೂ ಇದೇ ಮಾನ್ ಕಂಪನಿಯ ಪರವಾನಗಿಯಲ್ಲಿ ಹುಟ್ಟಿದ್ದು. ದೂರದ ದಾಯಾದಿಗಳು ಎನ್ನಬಹುದು.) ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ನಾಝಲ್ಲು ಇಂಧನವನ್ನು ಬಿಸಿ ಗಾಳಿಗೆ ಚಿಮುಕಿಸುತ್ತದೆ. ಇಲ್ಲಿ ಪಿಸ್ಟನ್ನಿನ ತಲೆಯಲ್ಲಿ ಕೊರೆದ ದುಂಡನೆಯ ಗುಳಿಯ ಗೋಡೆಗೆ ತೆಳುವಾಗಿ ಬಳಿಯುತ್ತದೆ. ಸುಳಿಸುತ್ತುವ ಗಾಳಿ ಆ ಪದರವನ್ನು ಆವಿ ಮಾಡುತ್ತ ಹೋದಂತೆ ಇಂಧನ ಹಂತಹಂತವಾಗಿ ಉರಿಯುತ್ತದೆ. ಹೀಗಾಗಿ ಕಳಪೆ ಇಂಧನಕ್ಕೂ ಎಂಜಿನ್ ಬಡಿದುಕೊಳ್ಳುವುದಿಲ್ಲ. ಟರ್ಬೊ ಇಲ್ಲದ ಮೊದಲ ಎಲ್‌ಡಿ-465 ವಿಪರೀತ ಹೊಗೆ ಉಗುಳುತ್ತಿತ್ತು. ಟರ್ಬೊ ಕೂರಿಸಿದ್ದರ ಮುಖ್ಯ ಉದ್ದೇಶ ಆ ಹೊಗೆಯನ್ನು ತಗ್ಗಿಸುವುದು, ಬಲ ಏರಿಸುವುದು ಆಮೇಲಿನ ಮಾತು. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಅರ್ಧ ವಾದ ಅಲ್ಲೇ ಇತ್ಯರ್ಥವಾಗುತ್ತದೆ. ಹೊಗೆ ಸುಡಲೆಂದು ಕೊಟ್ಟ ಹೆಚ್ಚುವರಿ ಗಾಳಿಯನ್ನೇ ಸ್ಕ್ರೂ ತಿರುಗಿಸುವವರು ಬಲಕ್ಕೆಂದು ಖರ್ಚು ಮಾಡುತ್ತಾರೆ.

ಬಲ ಏರಿಸುವವರ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿ ಇದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಇದೇ 465 ಕುಟುಂಬದ ಎಲ್‌ಡಿಎಸ್ ಎಂಬ ಅಣ್ಣ ಐದು ಟನ್ನಿನ ಎಂ54ಎ2 ಲಾರಿಯಲ್ಲಿ 175 ಎಚ್‌ಪಿಯ ಆಸುಪಾಸಿನಲ್ಲಿ ದುಡಿದಿದ್ದಾನೆ. ಅಳತೆ ಅದೇ 7.8 ಲೀಟರ್. ಸೇನೆಯೇ 175 ತೆಗೆದಿರುವಾಗ ನಾವು 160 ತೆಗೆದರೆ ತಪ್ಪೇನು ಎಂದು ಅವರು ಕೇಳುತ್ತಾರೆ. ತಪ್ಪಿಲ್ಲ. ಆದರೆ ಅಣ್ಣನಿಗೆ ಕೊಟ್ಟ ಟರ್ಬೊ ಬೇರೆ, ಪಂಪಿನ ಹೊಂದಿಕೆ ಬೇರೆ, ಸುತ್ತಲಿನ ಲಾರಿಯೂ ಬೇರೆ. ತಮ್ಮನ ಪಂಪಿನಲ್ಲಿ ಡೀಸೆಲ್ಲನ್ನಷ್ಟೇ ಹೆಚ್ಚಿಸಿದರೆ ಅಣ್ಣ ಎದ್ದುಬರುವುದಿಲ್ಲ.

ಸೇನೆ ಈ ಪ್ರಶ್ನೆಯನ್ನು ಪ್ರಾಣಭಯದ ನಡುವೆ ಎದುರಿಸಿದ್ದು ವಿಯೆಟ್ನಾಂನಲ್ಲಿ. 1967ರ ಸೆಪ್ಟೆಂಬರ್ 2ರಂದು ರೂಟ್ 19ರಲ್ಲಿ 8ನೇ ಟ್ರಾನ್ಸ್‌ಪೋರ್ಟೇಶನ್ ಗ್ರೂಪಿನ ಸಾಲುಲಾರಿಗಳ ಮೇಲೆ ಹೊಂಚುದಾಳಿ ನಡೆಯಿತು. ಆಮೇಲೆ ಚಾಲಕರೇ ತಮ್ಮ ಎರಡೂವರೆ ಟನ್ನಿನ ಲಾರಿಗಳಿಗೆ ಮರಳಚೀಲ ಕಟ್ಟಿ, ಉಕ್ಕಿನ ತಗಡು ಹೊದಿಸಿ, ಮೆಷಿನ್ ಗನ್ ಕೂರಿಸಿ ‘ಗನ್ ಟ್ರಕ್’ ಮಾಡಿಕೊಂಡರು. ತೂಕ ಏರಿದಂತೆ ಗಾಡಿ ಬಸವಳಿಯಿತು. ಹಾಗೆಂದು ಪಂಪಿನ ಸ್ಕ್ರೂ ತಿರುಗಿಸಿ ಯಾರೂ ಸುಮ್ಮನಾಗಲಿಲ್ಲ. ಗನ್ ಟ್ರಕ್ಕುಗಳು ಕ್ರಮೇಣ ಐದು ಟನ್ನಿನ ಲಾರಿಗೆ ವರ್ಗವಾದವು. ವರ್ಜೀನಿಯಾದ ಫೋರ್ಟ್ ಯೂಸ್ಟಿಸ್ ಸಂಗ್ರಹಾಲಯದಲ್ಲಿ ಉಳಿದಿರುವ ‘ಈವ್ ಆಫ್ ಡಿಸ್ಟ್ರಕ್ಷನ್’ ಐದು ಟನ್ನಿನದೇ. ಹೆಚ್ಚು ಬಲ ಬೇಕಾದಾಗ ಅದಕ್ಕೆ ತಕ್ಕ ಆಕ್ಸಲ್, ಬ್ರೇಕು, ಚಾಸಿಯೂ ಬೇಕು ಎಂಬುದನ್ನು ಅವರು ರಸ್ತೆಯ ಮೇಲೆಯೇ ಕಲಿತಿದ್ದರು.

ಈಗ ಸ್ಕ್ರೂವಿಗೆ ಬರೋಣ. ಈ ಗಾಡಿಯ ಅಮೆರಿಕನ್ ಬಾಶ್ ಪಂಪು ಒಂದೇ ಪ್ಲಂಜರಿನಿಂದ ಆರೂ ಸಿಲಿಂಡರಿಗೆ ಇಂಧನ ಹಂಚುತ್ತದೆ. ಪಕ್ಕದಲ್ಲೇ ಇಂಧನದ ಗುಣ ನೋಡಿ ಅಳತೆ ಹೊಂದಿಸುವ ಇನ್ನೊಂದು ಸಾಧನವಿದೆ: ತೆಳು ಇಂಧನ ಬಂದರೆ ಸ್ವಲ್ಪ ಹೆಚ್ಚು, ಗಟ್ಟಿ ಇಂಧನ ಬಂದರೆ ಸ್ವಲ್ಪ ಕಡಿಮೆ. ವಯಸ್ಸಾದಂತೆ ಅದು ಸೋರತೊಡಗುತ್ತದೆ, ಬಹಳ ಮಂದಿ ಅದನ್ನು ಬದಿಗೊತ್ತಿ ಪೈಪು ನೇರ ಮಾಡಿಬಿಡುತ್ತಾರೆ. ಡೀಸೆಲ್ ಒಂದನ್ನೇ ಸುಡುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ಅದನ್ನು ತೆಗೆದು, ಸ್ಕ್ರೂ ಏರಿಸಿ, ಟ್ಯಾಂಕಿಗೆ ಬಳಸಿದ ಎಂಜಿನ್ ಆಯಿಲ್ ಸುರಿಯುವವರಿದ್ದಾರಲ್ಲ, ಅವರಿಗೆ ಸಿಲಿಂಡರಿಗೆ ಎಷ್ಟು ಇಂಧನ ಹೋಗುತ್ತಿದೆ ಎಂಬ ಅಂದಾಜೇ ಇರುವುದಿಲ್ಲ.

ಮಿತಿಯಾಗಿ ಏರಿಸಿದಾಗ ಮಿಕ್ಕ ಗಾಳಿಯಲ್ಲಿ ಹೆಚ್ಚಿನ ಡೀಸೆಲ್ ಸುಟ್ಟು ಬಲವಾಗುತ್ತದೆ. ಮಿತಿ ದಾಟಿದೊಡನೆ ಗಾಳಿ ಸಾಲದೆ ಕರಿ ಹೊಗೆ ಏಳುತ್ತದೆ. ಈ ಹೊಗೆಯನ್ನೇ ಶಕ್ತಿಯ ಬಾವುಟವೆಂದು ಮೆರೆಯುವವರನ್ನು ಕಂಡರೆ ನನಗೆ ಮರುಕ. ಅದು ಬಲವಾಗಬೇಕಿದ್ದ ಇಂಧನ ಮಸಿಯಾಗಿ ಹೊರಬಿದ್ದದ್ದು, ಅಷ್ಟೆ. ಹೊಗೆಗಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಶಾಖ. ಟರ್ಬೊಗೆ ಹೋಗುವ ಮುನ್ನ ಹೊಗೆಯ ತಾಪ 650 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಈ ಎಂಜಿನ್ ಬಲ್ಲವರು ಇಟ್ಟುಕೊಂಡ ಅಂದಾಜು ಗೆರೆ. ಶುದ್ಧ ಅಲ್ಯುಮಿನಿಯಂ ಕರಗುವುದು 660ಕ್ಕೆ; ಪಿಸ್ಟನ್ನು ಅಲ್ಯುಮಿನಿಯಂ ಮಿಶ್ರಲೋಹದ್ದು. ಸಿಲಿಂಡರಿನೊಳಕ್ಕೆ ಬರುವ ತಣ್ಣನೆಯ ಗಾಳಿಯೂ ಕೆಳಗಿನ ಎಣ್ಣೆಯೂ ಅದನ್ನು ಕಾಯುತ್ತವೆ, ಹಾಗಾಗಿ ಒಂದು ನಿಮಿಷದ ಜೋರು ಓಟದಲ್ಲಿ ಏನೂ ಆಗುವುದಿಲ್ಲ. ಹತ್ತು ನಿಮಿಷದ ಘಾಟಿಯಲ್ಲಿ ಆಗುತ್ತದೆ. ಮೂರು ಮೂರು ಸಿಲಿಂಡರಿಗೆ ಒಂದರಂತೆ ಎರಡು ಹೆಡ್ ಇರುವ ಈ ಎಂಜಿನ್ನಿನ ಗ್ಯಾಸ್ಕೆಟ್ಟುಗಳು ಮೊದಲೇ ದುರ್ಬಲವೆಂದು ಹೆಸರು ಪಡೆದಿವೆ, ಅವಕ್ಕೂ ಇದೇ ಶಾಖದ ಏಟು.

ಇಷ್ಟು ಅಪಾಯ ಹೊತ್ತು ಪಡೆಯುವುದೇನು? ನಾನೊಂದು ಒರಟು ಲೆಕ್ಕ ಹಾಕಿದೆ. ಒಟ್ಟು ಎಂಟು ಟನ್ ತೂಕ, ನೂರಕ್ಕೆ ಆರರ ಏರು, ಗೇರಿನಿಂದ ಗಾಲಿಯವರೆಗೆ ಐದನೇ ಒಂದು ಪಾಲು ಬಲ ಸೋರಿತು ಎಂದಿಟ್ಟುಕೊಳ್ಳಿ. ತಕ್ಕ ಗೇರು ಸಿಕ್ಕರೆ 134 ಎಚ್‌ಪಿಯಲ್ಲಿ ಗಾಡಿ ಗಂಟೆಗೆ 46 ಕಿಲೋಮೀಟರ್ ಆಸುಪಾಸಿನಲ್ಲಿ ಹತ್ತುತ್ತದೆ, 170ರಲ್ಲಿ 56ರ ಆಸುಪಾಸು. ಹತ್ತು ಕಿಲೋಮೀಟರಿನ ಲಾಭ, ಹಿಂದೆ ಬರುವ ವಾಹನದವರ ಶಾಪ ಒಂದಿಷ್ಟು ಕಡಿಮೆಯಾದೀತು. ಸಮತಟ್ಟಿನಲ್ಲಿ ಆ ಲಾಭವೂ ಇಲ್ಲ. ಗವರ್ನರ್ ಎಂಜಿನ್ನಿನ ಸುತ್ತನ್ನು ಕಟ್ಟಿಹಾಕಿರುವುದರಿಂದ ಐದನೇ ಗೇರಿನಲ್ಲಿ ಗಂಟೆಗೆ 90 ಕಿಲೋಮೀಟರಿಗೆ ಗಾಡಿಯ ಓಟ ಮುಗಿಯುತ್ತದೆ. ಪಂಪಿಗೆ ಎಷ್ಟು ಡೀಸೆಲ್ ಕೊಟ್ಟರೂ ಅದು ಏರದು. ಗವರ್ನರನ್ನೇ ಸಡಿಲಿಸಿ ಸುತ್ತು ಏರಿಸುವವರಿಗೆ ನನ್ನ ಬಳಿ ಒಳ್ಳೆಯ ಮಾತಿಲ್ಲ. ಭಾರದ ಪಿಸ್ಟನ್ನು, ಉದ್ದ ಹೊಡೆತದ ಎಂಜಿನ್. ಕನೆಕ್ಟಿಂಗ್ ರಾಡು ಬ್ಲಾಕು ಒಡೆದು ಹೊರಬರಲು ಹೆಚ್ಚು ಹೊತ್ತು ಬೇಡ.

ಏರಿದ್ದು ಇಳಿಯಲೇಬೇಕಲ್ಲ. 46ರಲ್ಲಿ ಹೋಗುವ ಗಾಡಿಗೂ 56ರಲ್ಲಿ ಹೋಗುವ ಗಾಡಿಗೂ ಚಲನಶಕ್ತಿಯಲ್ಲಿ ಸುಮಾರು ಒಂದೂವರೆ ಪಟ್ಟು ಅಂತರ. ಎಂ35ಎ2ರಲ್ಲಿ ಗಾಳಿಯ ನೆರವಿನ ಹೈಡ್ರಾಲಿಕ್ ಡ್ರಮ್ ಬ್ರೇಕುಗಳಿವೆ. ಆರೂ ಗಾಲಿಗೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸರ್ಕಿಟ್. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ ಕಾಲಡಿಯ ಪೆಡಲ್ ನೆಲಕ್ಕಿಳಿಯುತ್ತದೆ, ಆರು ಗಾಲಿಯ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಐವತ್ತು ವರ್ಷ ಹಳೆಯ ಹೋಸುಗಳ ಮೇಲೆ ಕುಳಿತು ಎಚ್‌ಪಿ ಬಗ್ಗೆ ಚರ್ಚಿಸುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಬಲ ಏರಿಸಿದ ಗಾಡಿಗಳ ಬಗ್ಗೆ ಹೆಮ್ಮೆಯಿಂದ ಹೇಳುವವರು ಬ್ರೇಕಿಗೆ ಏನು ಮಾಡಿದೆವೆಂದು ಹೇಳುವುದು ಅಪರೂಪ.

ಬಲ ಏರಿಸುವುದಕ್ಕಿಂತ ಮೊದಲು ಮಾಡಬೇಕಾದ, ಯಾರಿಗೂ ಹೇಳಿಕೊಳ್ಳಲು ರೋಮಾಂಚನವಿಲ್ಲದ ಕೆಲಸವೊಂದಿದೆ: ಕಳೆದುಹೋದ ಬಲವನ್ನು ಮರಳಿ ಪಡೆಯುವುದು. ‘ಗಾಡಿ ಎಳೀತಿಲ್ಲ’ ಎಂದು ನಮ್ಮ ಹೆದ್ದಾರಿ ಬದಿಯ ಪಂಪು-ನಾಝಲ್ ಅಂಗಡಿಗೆ ಹೋದರೆ ಅನುಭವಸ್ಥ ಮೇಸ್ತ್ರಿ ಮೊದಲು ಸ್ಕ್ರೂ ಮುಟ್ಟುವುದಿಲ್ಲ. ಫಿಲ್ಟರ್ ಕಟ್ಟಿದೆಯೇ, ಲೈನಿನಲ್ಲಿ ಗಾಳಿ ಸೇರಿದೆಯೇ, ನಾಝಲ್ಲು ಸರಿಯಾಗಿ ಹೊಡೆಯುತ್ತಿದೆಯೇ ಎಂದು ನೋಡುತ್ತಾನೆ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಪಂಪುಗಳೊಂದಿಗೆ ಬೆಳೆದ ಕಸುಬು ಅದು, ಶಿಸ್ತು ಇನ್ನೂ ಉಳಿದಿದೆ. ಎಂ35ಕ್ಕೂ ಇದೇ ಪಾಠ ಸಲ್ಲುತ್ತದೆ. ಟ್ಯಾಂಕಿನೊಳಗಿನ ಪಂಪು ಸತ್ತಿರಬಹುದು, ಫಿಲ್ಟರುಗಳಲ್ಲಿ ಹಳೆಯ ಕೆಸರು ತುಂಬಿರಬಹುದು, ಆಕ್ಸಿಲರೇಟರಿನ ಕಡ್ಡಿಗಳು ಸವೆದು ಪೆಡಲನ್ನು ಪೂರ್ತಿ ಒತ್ತಿದರೂ ಪಂಪಿನ ತೋಳು ಪೂರ್ತಿ ತಿರುಗದಿರಬಹುದು, ಹಿಡಿದುಕೊಂಡ ಬ್ರೇಕು ಗಾಲಿಯನ್ನು ಎಳೆಯುತ್ತಿರಬಹುದು. ಇವನ್ನೆಲ್ಲ ಸರಿಪಡಿಸದೆ ಸ್ಕ್ರೂ ತಿರುಗಿಸುವುದು ಗಂಟಲಿಗೆ ಸಿಕ್ಕಿಕೊಂಡದ್ದನ್ನು ತೆಗೆಯದೆ ಇನ್ನೊಂದು ತುತ್ತು ತುರುಕಿದ ಹಾಗೆ.

ಟರ್ಬೊ ಬದಲಾಯಿಸಿ ಗಾಳಿ ಹೆಚ್ಚಿಸುವುದು ತರ್ಕಬದ್ಧ ದಾರಿ. ಡೀಸೆಲ್ಲಿಗೆ ತಕ್ಕ ಗಾಳಿ ಸಿಕ್ಕರೆ ಹೊಗೆಯೂ ತಾಪವೂ ಇಳಿಯುತ್ತವೆ, ನಡುವೆ ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದರೆ ಇನ್ನೂ ವಾಸಿ. ಆದರೆ ಸಿಲಿಂಡರಿನ ಒತ್ತಡ ಏರಿದಷ್ಟೂ ಆ ಗ್ಯಾಸ್ಕೆಟ್ಟಿನ ಪ್ರಶ್ನೆ ಮತ್ತೆ ಎದುರಾಗುತ್ತದೆ. 22:1 ಸಂಪೀಡನದ ಎಂಜಿನ್ನಿಗೆ ಪ್ರೊಪೇನ್ ಅನಿಲ ಊದುವ ಸಾಹಸವನ್ನು ನಾನು ಚರ್ಚೆಗೇ ತೆಗೆದುಕೊಳ್ಳುವುದಿಲ್ಲ.

ನಿಜವಾಗಿ ಬಲ ಬೇಕಾದವರು ಎಂಜಿನ್ನನ್ನೇ ಬದಲಿಸುತ್ತಾರೆ. ಅವರ ಅಚ್ಚುಮೆಚ್ಚು 5.9 ಲೀಟರಿನ ಕಮಿನ್ಸ್ ಬಿ-ಸರಣಿ. ಜಮ್ಷೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ನಮ್ಮ ಲಾರಿಗಳಿಗೂ ಬಂದ ಎಂಜಿನ್ ಇದು. ಸೇನೆಯೂ 1990ರ ದಶಕದಲ್ಲಿ ಹಳೆಯ ಗಾಡಿಗಳನ್ನು ಎಂ35ಎ3 ಆಗಿ ನವೀಕರಿಸಿದಾಗ ಬಹು-ಇಂಧನ ಎಂಜಿನ್ನಿನ ಸ್ಕ್ರೂ ತಿರುಗಿಸಲಿಲ್ಲ, ಅದನ್ನು ಕಿತ್ತು ಕ್ಯಾಟರ್‌ಪಿಲ್ಲರ್ 3116 ಕೂರಿಸಿತು. ಜೊತೆಗೆ ಆಟೊಮ್ಯಾಟಿಕ್ ಗೇರುಪೆಟ್ಟಿಗೆ, ಹೊಸ ಟೈರುಗಳು. ಖರ್ಚಿನ ದಾರಿ, ಆದರೆ ಪ್ರಾಮಾಣಿಕ ದಾರಿ. ಬಹು-ಇಂಧನದ ಗುಣವಂತೂ ಹೋಗುತ್ತದೆ. ಜೊತೆಗೆ ಅದರ ಟರ್ಬೊದ ಹೆಸರಾಂತ ಸೀಟಿಯೂ ಹೋಗುತ್ತದೆ, ಕೆಲವರಿಗೆ ಅದೇ ದೊಡ್ಡ ದುಃಖ.

ಹಾಗಾದರೆ ಸ್ಕ್ರೂ ಮುಟ್ಟಲೇಬಾರದೆ? ಮುಟ್ಟಬಹುದು, ಒಂದು ಕ್ರಮದಲ್ಲಿ. ಮೊದಲು ಎಲ್ಲ ಬ್ರೇಕ್ ಹೋಸುಗಳನ್ನು ಹೊಸದಾಗಿಸಿ, ಸಾಧ್ಯವಿದ್ದರೆ ಎರಡು ಸರ್ಕಿಟ್ಟಿನ ಮಾಸ್ಟರ್ ಸಿಲಿಂಡರ್ ಕೂರಿಸಿ. ಟರ್ಬೊಗೆ ಮುಂಚೆ ಮ್ಯಾನಿಫೋಲ್ಡಿನಲ್ಲಿ ತಾಪಮಾಪಕವೊಂದನ್ನು ಹಾಕಿ, ಅದರ ಮುಳ್ಳು ಡ್ಯಾಶ್‌ಬೋರ್ಡಿನಲ್ಲಿ ಕಣ್ಣೆದುರೇ ಇರಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಭಾರ ಹೇರಿಕೊಂಡು ಉದ್ದನೆಯ ಏರಿನಲ್ಲಿ ಪರೀಕ್ಷಿಸಿ, ತಾಪ ಗೆರೆ ಮುಟ್ಟುವ ಮೊದಲೇ ನಿಲ್ಲಿಸಿ. ತಾಪಮಾಪಕವಿಲ್ಲದ ಲಾರಿಯ ಪಂಪಿನ ಮುಚ್ಚಳವನ್ನು ದಯವಿಟ್ಟು ಬಿಚ್ಚಬೇಡಿ.