ವಿಶ್ವಾಮಿತ್ರನ ಮೆಸೇಜು

ಮಕ್ಕಳಿಗೆ ಕನ್ನಡ ಪದ್ಯ ಪಾಠ ಹೇಳುತ್ತಲೇ ಕೂದಲು ಬೆಳ್ಳಗಾದ ನನ್ನಂಥವಳು ಕಾವ್ಯ ಬಿಟ್ಟು ಮೊಬೈಲಿನ ಮೆಸೇಜನ್ನು ವಿಮರ್ಶೆಗೆ ಎತ್ತಿಕೊಂಡರೆ ನಿಮಗೆ ನಗು ಬಂದೀತು. ಆದರೆ ಈಚೆಗೆ ಕಂಪನಿಗಳು ತಮ್ಮ ನೌಕರರಿಗೇ ಕಳಿಸುವ ಒಂದು ಬಗೆಯ ಮೆಸೇಜು ಕಟ್ಟುಕಥೆಯ ಜಾತಿಗೆ ಸೇರಿದ್ದು. ಅದನ್ನು ಬರೆದವರು ಓದುವವರ ಆಸೆಯನ್ನೂ ಭಯವನ್ನೂ ಅಳೆದು ತೂಗಿ ಮಾತು ಆರಿಸಿರುತ್ತಾರೆ. ಅಂದ ಮೇಲೆ ವಿಮರ್ಶೆಗೆ ಒಡ್ಡಿಕೊಳ್ಳಲೇಬೇಕಲ್ಲವೆ?

ಮೋಸದ ಮೆಸೇಜು ನಮಗೆ ಹೊಸದಲ್ಲ. 2022ರಲ್ಲಿ 'ಬಿಲ್ಲು ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟು ತೆಗೆಯುತ್ತೇವೆ' ಎಂಬ ಸುಳ್ಳು ಸಂದೇಶಗಳು ದೇಶದ ತುಂಬ ಹರಿದಾಡಿ, ಬೆಸ್ಕಾಂ ತನ್ನ ಗ್ರಾಹಕರನ್ನು ಎಚ್ಚರಿಸಬೇಕಾಯಿತು. ನೌಕರರು ಇಂಥದ್ದಕ್ಕೆ ಬೀಳದಿರಲಿ ಎಂದು ಕಂಪನಿಗಳು ತಾವೇ ಒಂದು ಹುಸಿ ಮೆಸೇಜು ಕಳಿಸುತ್ತವೆ. ಅದರ ಲಿಂಕು ಒತ್ತಿದರೆ ಹಣ ಹೋಗುವುದಿಲ್ಲ. ಒತ್ತಿದವರ ಹೆಸರು ಮಾತ್ರ ಪಟ್ಟಿಗೆ ಸೇರುತ್ತದೆ, ಕೂಡಲೇ ಒಂದು ಬುದ್ಧಿವಾದದ ಪುಟ ತೆರೆಯುತ್ತದೆ. ಬೆಂಕಿ ಆರಿಸುವ ಅಣಕು ಪ್ರದರ್ಶನವಿದ್ದ ಹಾಗೆ. ಉದ್ದೇಶ ಒಳ್ಳೆಯದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಸಂಡೂರಿನ ಕಡೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ವಿದ್ಯಾರ್ಥಿನಿಗೆ ದೀಪಾವಳಿಯ ಮುಂಚೆ 'ಹಬ್ಬದ ಬೋನಸ್ಸು ಮಂಜೂರಾಗಿದೆ, ಇಲ್ಲಿ ಒತ್ತಿ' ಎಂದು ಬಂತಂತೆ. ಬಂದದ್ದು ಅವಳ ಸ್ವಂತ ಫೋನಿಗೆ. ಕಚೇರಿಯ ಕಂಪ್ಯೂಟರು ಸಂಜೆಗೆ ಮುಚ್ಚುತ್ತದೆ. ಫೋನು ಅಡುಗೆಮನೆಗೂ ಬರುತ್ತದೆ, ಮಕ್ಕಳ ಕೈಗೂ ಹೋಗುತ್ತದೆ. ಕೈಗೆ ಬರುವ ದುಡ್ಡಿಗೆ ಆಗಲೇ ಖರ್ಚು ಬರೆದಿಟ್ಟುಕೊಂಡಿದ್ದವಳು ಒತ್ತಿದಳು. ಮರುದಿನ ಮೀಟಿಂಗಿನಲ್ಲಿ ಅವಳ ಹೆಸರು ಓದಿದರು. ಆಮೇಲೆ ತರಬೇತಿ ಮುಗಿಸಿದೆಯಾ ಎಂಬ ನೋಟೀಸು ನಕ್ಷತ್ರಿಕನ ಹಾಗೆ ಬೆನ್ನು ಹತ್ತಿತು. "ಟೀಚರ್, ನಾಳೆ ನಿಜವಾಗಿಯೂ ಏನಾದರೂ ಆದರೂ ನಾನು ಬಾಯಿ ಬಿಡೋದಿಲ್ಲ" ಎಂದಳು.

ಆ ಮಾತಿಗೆ ನನಗೆ ಗಾಬರಿಯಾಯಿತು. ನಿಜವಾದ ಮೋಸ ನಡೆದಾಗ ತಡಮಾಡದೆ 1930ಕ್ಕೆ ಫೋನು ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಉಂಟು. ನಾಚಿಕೆಯಿಂದ ಕಳೆದ ಒಂದೊಂದು ಗಂಟೆಯೂ ಕಳ್ಳನ ಲಾಭ.

ಪರೀಕ್ಷೆಯ ಕಥೆ ಎಂದರೆ ನಮಗೆ ನೆನಪಾಗುವುದು ಹರಿಶ್ಚಂದ್ರ ಕಾವ್ಯ. ಅದನ್ನು ಬರೆದ ರಾಘವಾಂಕ ನಮ್ಮ ಹಂಪೆಯ ಹರಿಹರನ ಸೋದರಳಿಯ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಪಣ ಕಟ್ಟುತ್ತಾರೆ. ಪಾಡು ಪಡುವವನು ಏನೂ ಅರಿಯದ ಅರಸ. ಅಲ್ಲಿಯೂ ಪರೀಕ್ಷಕನೇ ಮಾಯೆ ಹೂಡುತ್ತಾನೆ. ಆದರೆ ಎರಡು ವ್ಯತ್ಯಾಸಗಳಿವೆ. ಅಲ್ಲಿ ಅಳೆದದ್ದು ಅರಸನ ಜಾಣತನವನ್ನಲ್ಲ, ಸತ್ಯವನ್ನು. ಕೊನೆಗೆ ಕಳೆದ ರಾಜ್ಯ ಹಿಂದಿರುಗುತ್ತದೆ, ಮುನಿ ಸೋಲೊಪ್ಪುತ್ತಾನೆ. ನಮ್ಮ ಮೆಸೇಜಿನ ಮುನಿಗಳು ಬೋನಸ್ಸು ತೋರಿಸುತ್ತಾರೆ, ಕೊಡುವುದಿಲ್ಲ, ಸೋಲೆಲ್ಲ ಒತ್ತಿದವಳದೇ.

ಇದು ನಮ್ಮೂರ ಕಡೆಯ ಕಥೆ ಮಾತ್ರವಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಗೋಡ್ಯಾಡಿ ಕಂಪನಿ 650 ಡಾಲರ್ ಬೋನಸ್ಸಿನ ಆಸೆ ತೋರಿಸಿ ನೌಕರರಿಗೆ ಇಂಥದೇ ಇ-ಮೇಲ್ ಕಳಿಸಿತು. ಸುಮಾರು 500 ಮಂದಿ ನಂಬಿದರು. ಕಂಪನಿ ಕ್ಷಮೆ ಕೇಳಬೇಕಾಯಿತು.

ಇಷ್ಟು ನೋಯಿಸಿಯಾದರೂ ಪಾಠ ಹತ್ತುತ್ತದೆಯೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಆಸ್ಪತ್ರೆಗಳಲ್ಲಿ 19,500ಕ್ಕೂ ಹೆಚ್ಚು ನೌಕರರಿಗೆ 8 ತಿಂಗಳು ಹುಸಿ ಇ-ಮೇಲ್ ಕಳಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿ ಪಡೆದವರು ಮೋಸಹೋಗುವುದು ಕಡಿಮೆಯಾದದ್ದು ಬರೀ 1.7ರಷ್ಟು ಶೇಕಡಾ. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಗಮನಿಸಿದರು. ಒತ್ತಿದ ಕೂಡಲೇ ತೋರಿಸುವ ಬುದ್ಧಿವಾದದಿಂದ ಗುಣ ಕಾಣಲಿಲ್ಲ. ಆದರೆ ಅನುಮಾನ ಬಂದದ್ದನ್ನು ನೌಕರರೇ ತಿಳಿಸುವ ಏರ್ಪಾಡು ಚೆನ್ನಾಗಿ ನಡೆಯಿತು.

ನನ್ನ ವಿಮರ್ಶೆಯ ಸಾರವೂ ಅಷ್ಟೆ. ಪರೀಕ್ಷೆ ಇರಲಿ. ವರ್ಷದಲ್ಲಿ ಕೆಲವು ಸಲ ಬರುತ್ತದೆಂದು ಮೊದಲೇ ಹೇಳಿರಲಿ. ಸ್ವಂತ ಫೋನಾದರೆ ಒಪ್ಪಿಗೆ ಕೇಳಿರಲಿ. ಸಂಬಳ, ಬೋನಸ್ಸು, ಮಕ್ಕಳ ಕಾಯಿಲೆಗಳನ್ನು ಗಾಳಕ್ಕೆ ಸಿಕ್ಕಿಸುವುದು ಬೇಡ. ಹೆಸರು ಓದುವುದಂತೂ ಬೇಡವೇ ಬೇಡ. 'ಎಷ್ಟು ಮಂದಿ ಒತ್ತಿದರು' ಎಂದು ಎಣಿಸುವ ಬದಲು 'ಎಷ್ಟು ಮಂದಿ ಬಂದು ಹೇಳಿದರು, ಎಷ್ಟು ಬೇಗ ಹೇಳಿದರು' ಎಂದು ಎಣಿಸಲಿ. ಒತ್ತಿದವಳು ಓಡಿ ಬಂದು ಹೇಳಿದರೆ ಅವಳೇ ಪಾಸು.

ಹೊಸಪೇಟೆಯಲ್ಲೋ ಕಂಪ್ಲಿಯಲ್ಲೋ ಮನೆಯಲ್ಲಿರುವ ನಾವು ಕಂಪನಿಯ ನೌಕರರಲ್ಲದಿರಬಹುದು. ಆದರೆ ಮಗಳೋ ಸೊಸೆಯೋ ಬೆಪ್ಪಾಗಿ ಫೋನು ಹಿಡಿದು ನಿಂತಾಗ 'ಅಷ್ಟೂ ತಿಳಿಯಲಿಲ್ಲವಾ?' ಎನ್ನುವ ಪರೀಕ್ಷಕರು ನಾವೂ ಆಗಿಬಿಡುತ್ತೇವೆ. ಬೈಗುಳಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಮೊದಲು 1930.