ಖಾಲಿ ನೆಲ ಎಂಬ ಸುಳ್ಳು: ಒಂದು ಸಿನಿಮಾ, ಎರಡು ಕಾದಂಬರಿ

ನಮ್ಮ ಮೇಷ್ಟ್ರುಗಳಿಗೆ ಬಯಲುಸೀಮೆಯ ಯಾವುದೋ ಮೂಲೆಯ ಊರಿಗೆ ವರ್ಗವಾದರೆ ಮೊದಲು ಏನು ಕೇಳುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ನೀರು ಹೇಗಿದೆ, ಬಸ್ಸು ಎಷ್ಟು ಹೊತ್ತಿಗೆ, ಬಾಡಿಗೆ ಮನೆ ಸಿಗುತ್ತಾ? ಕೇರಿಯಿಂದ ಓದಿ ಬಂದ ಮೇಷ್ಟ್ರಿಗೆ ಮಾತ್ರ ಇನ್ನೊಂದು ಪ್ರಶ್ನೆ ಇರುತ್ತದೆ: 'ನಮಗೆ ಮನೆ ಕೊಡ್ತಾರಾ?' ಊರು ಒಂದೇ, ಆದೇಶದ ಕಾಗದವೂ ಒಂದೇ. ಆದರೆ ಹೊಸ ಊರಿಗೆ ಗಂಟುಮೂಟೆ ಹೊತ್ತು ಹೋಗುವುದು ಇಬ್ಬರಿಗೂ ಒಂದೇ ಅನುಭವವಲ್ಲ. ಇನ್ನು ಆ ಊರಿನಿಂದಲೇ ಎಬ್ಬಿಸಿ ಕಳಿಸಿದವನ ಅನುಭವ ಈ ಇಬ್ಬರದಕ್ಕಿಂತಲೂ ಬೇರೆ.

ಇದನ್ನು ಕಣ್ಣಮುಂದೆ ಇಟ್ಟುಕೊಂಡು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಒಣಸೀಮೆಯ ಬಗ್ಗೆ ಬಂದ ಒಂದು ಸಿನಿಮಾ, ಎರಡು ಕಾದಂಬರಿಗಳನ್ನು ನೋಡಬೇಕಾಗಿದೆ. ಮೂರರಲ್ಲೂ ಬಿಸಿಲು, ಮಿಲಿಟರಿ, ನೆಲ ಇವೆ. ಆ ನೆಲವನ್ನು ಯಾರ ಕಣ್ಣಿಂದ ನೋಡಿದ್ದಾರೆ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಆ ಸೀಮೆಯ ವಿಚಾರ. ಟುಲರೋಸ ಕಣಿವೆಯ ಪೂರ್ವಕ್ಕಿರುವ ಬೆಟ್ಟಗಳು ಮೆಸ್ಕಲೆರೊ ಅಪಾಚೆಗಳವು. 1873ರಲ್ಲಿ ಸರ್ಕಾರ ಅವರಿಗೆ ಅಲ್ಲೇ ಒಂದಿಷ್ಟು ಜಾಗಕ್ಕೆ ಗೆರೆ ಹಾಕಿ 'ಇದರೊಳಗಿರಿ' ಅಂದಿತು. ಟುಲರೋಸ ಎಂಬ ಊರನ್ನು 1862ರಲ್ಲಿ ಸ್ಪ್ಯಾನಿಷ್ ಮಾತಾಡುವ ರೈತರು ಕಾಲುವೆ ತೋಡಿ ಕಟ್ಟಿದರು. 1898ರಲ್ಲಿ ರೈಲು ಬಂತು, ಅದರ ಹಿಂದೆ ಅಲಮೊಗೋರ್ಡೊ ಎಂಬ ಪೇಟೆ ಬಂತು. 1942ರಲ್ಲಿ ಯುದ್ಧದ ಕಾರಣ ಹೇಳಿ ಸೈನ್ಯ ಬಂತು. ವಿಮಾನ ನೆಲೆಯಾಯಿತು, ಬಾಂಬು ಹಾಕಿ ಅಭ್ಯಾಸ ಮಾಡುವ ಬಯಲಾಯಿತು, ದನ ಮೇಯಿಸುತ್ತಿದ್ದ ಮನೆಗಳು ಖಾಲಿಯಾದವು. ಯುದ್ಧ ಮುಗಿದರೂ ಸೈನ್ಯ ಹೋಗಲಿಲ್ಲ. ಆ ಬಯಲು ಈಗ ವೈಟ್ ಸ್ಯಾಂಡ್ಸ್ ಕ್ಷಿಪಣಿ ವಲಯ, ಸುಮಾರು 3,200 ಚದರ ಮೈಲಿ. 1940ರಲ್ಲಿ ನಾಲ್ಕು ಸಾವಿರ ಜನವೂ ಇಲ್ಲದ ಅಲಮೊಗೋರ್ಡೊ 1960ರ ಹೊತ್ತಿಗೆ 21 ಸಾವಿರ ದಾಟಿತು. ಸರ್ಕಾರದ ಲೆಕ್ಕದಲ್ಲಿ ಇದು ಬೆಳವಣಿಗೆ. ಬಂದವರ ತಲೆ ಎಣಿಸುವ ಲೆಕ್ಕದಲ್ಲಿ ಎದ್ದು ಹೋದವರಿಗೆ ಒಂದು ಕಾಲಂ ಕೂಡ ಇರುವುದಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಕ್ರಿಸ್ಟೊಫರ್ ನೋಲನ್ ನಿರ್ದೇಶಿಸಿದ 'ಓಪನ್‌ಹೈಮರ್' 2023ರಲ್ಲಿ ಬಂತು. ಮರುವರ್ಷ ಏಳು ಆಸ್ಕರ್ ಪಡೆಯಿತು. ಮೂರು ಗಂಟೆಯ ಈ ಚಿತ್ರದ ನಡುಭಾಗ ಅಂದರೆ ವಿಜ್ಞಾನಿಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಾಸ್ ಅಲಮೋಸ್ ಎಂಬ ಒಣ ಪ್ರಸ್ಥಭೂಮಿಗೆ ಬಂದು ನೆಲೆಸುವ ಕತೆ. ಬೇಲಿ ಏಳುತ್ತದೆ, ಮನೆ, ಶಾಲೆ ಏಳುತ್ತವೆ. ಊರೊಂದು ಬರಿಗೈಯಿಂದ ಹುಟ್ಟುವುದನ್ನು ನೋಡುವ ಖುಷಿ ನಮಗೂ ಆಗುತ್ತದೆ. ಅಲ್ಲೇ ನಾವು ಮೋಸ ಹೋಗುತ್ತೇವೆ. ಜಾಗ ಆರಿಸುವಾಗ ನಾಯಕ ಹೇಳುವುದಿಷ್ಟು: ಅಲ್ಲಿ ಹುಡುಗರ ಶಾಲೆಯೊಂದಿದೆ, ಇಂಡಿಯನ್ನರು ಶವಸಂಸ್ಕಾರಕ್ಕೆ ಬರುತ್ತಾರೆ. ಮಾತು ಮುಗಿಯಿತು, ನೆಲ ಖಾಲಿಯಾಯಿತು!

ನೆಲ ಖಾಲಿ ಇರಲಿಲ್ಲ. ಅಲ್ಲಿ ಸ್ಪ್ಯಾನಿಷ್ ಮಾತಾಡುವ ಸಣ್ಣ ರೈತರು ಕಾಳು ಬೆಳೆಯುತ್ತಿದ್ದರು. ಅವರನ್ನು ಎಬ್ಬಿಸಿದರು. ಶ್ರೀಮಂತರ ಮಕ್ಕಳ ಶಾಲೆಗೆ ಎಕರೆಗೆ ಕೊಟ್ಟ ಬೆಲೆಯ ಸಣ್ಣ ಪಾಲು ಮಾತ್ರ ಈ ರೈತರಿಗೆ ಸಿಕ್ಕಿತು. ಅವರ ಮಕ್ಕಳು ಮೊಮ್ಮಕ್ಕಳು ಕಚೇರಿ ಕೋರ್ಟು ಸುತ್ತಿ, 2004ರಲ್ಲಿ ಅಮೆರಿಕದ ಸಂಸತ್ತು 1 ಕೋಟಿ ಡಾಲರಿನ ಪರಿಹಾರ ನಿಧಿ ಮಾಡಿತು. ಹತ್ತಿರದ ಸ್ಯಾನ್ ಇಲ್ಡೆಫಾನ್ಸೊ ಮೊದಲಾದ ಆದಿವಾಸಿ ಊರುಗಳ ಹೆಂಗಸರು ದಿನಾ ಬಸ್ಸಿನಲ್ಲಿ ಬೆಟ್ಟ ಹತ್ತಿ ವಿಜ್ಞಾನಿಗಳ ಮನೆಯ ನೆಲ ಒರೆಸಿ, ಮಕ್ಕಳನ್ನು ಎತ್ತಿಕೊಂಡು, ಸಂಜೆ ಇಳಿಯುತ್ತಿದ್ದರು. ಸಿನಿಮಾದಲ್ಲಿ ಇವರ ನಡುವಿನ ಒಬ್ಬ ಮನುಷ್ಯನಿಗೂ ಒಂದು ಹೆಸರಿನ ಪಾತ್ರವಿಲ್ಲ. ಗೌಡರ ಮನೆಯ ಕತೆಯಲ್ಲಿ ಹಟ್ಟಿ ಗುಡಿಸುವವಳಿಗೆ ಹೆಸರಿಲ್ಲದ ಹಾಗೆ.

ಚಿತ್ರದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಪ್ರಯೋಗ ಗೆದ್ದರೆ ಹೆಂಡತಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಬೇಕು. ಅದಕ್ಕೆ ಇಟ್ಟುಕೊಂಡ ಸಂಕೇತ, ಒಣಗಲು ಹಾಕಿದ ಹಾಸು ಬಟ್ಟೆ ಒಳಗೆ ತೆಗೆದುಕೊ ಎಂಬ ಮಾತು. ಆಕೆ ಇರುವ ಮನೆ ಪ್ರಯೋಗದ ಜಾಗಕ್ಕೆ ಸುಮಾರು 200 ಮೈಲಿ ದೂರ. 1945ರ ಜುಲೈ 16ರ ಬೆಳಗಿನ 5 ಗಂಟೆ 29 ನಿಮಿಷಕ್ಕೆ ಬಾಂಬು ಸಿಡಿದಾಗ ಇಪ್ಪತ್ತು ಮೈಲಿಯೊಳಗೇ ದನ ಕಾಯುವ ಮನೆಗಳಿದ್ದವು. ಅವರಿಗೆ ಯಾರೂ ಮೊದಲೇ ಹೇಳಲಿಲ್ಲ, ಯಾರನ್ನೂ ಜಾಗ ಬಿಡಿಸಲಿಲ್ಲ. ಆಮೇಲೆ ಸೈನ್ಯ ಪತ್ರಿಕೆಗೆ ಕೊಟ್ಟ ಹೇಳಿಕೆ ಹಸಿ ಸುಳ್ಳು: ಮದ್ದಿನ ಉಗ್ರಾಣವೊಂದು ಸಿಡಿಯಿತು, ಯಾರಿಗೂ ಏನೂ ಆಗಿಲ್ಲ. ಆಕಾಶದಿಂದ ಬೂದಿ ಉದುರಿತು ಎಂದು ಆ ಸೀಮೆಯ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಒಣಹಾಕಿದ ಬಟ್ಟೆಯ ಮೇಲೆ ಬಿತ್ತು, ಸೊಪ್ಪಿನ ಮಡಿಯ ಮೇಲೆ ಬಿತ್ತು, ಸೂರಿನಿಂದ ಮಳೆನೀರು ಹಿಡಿದು ಕುಡಿಯುವ ತೊಟ್ಟಿಗಳಿಗೆ ಬಿತ್ತು. ಬಟ್ಟೆ ಒಳಗೆ ತಗೊಳ್ರಮ್ಮಾ ಎಂದು ನಿಜವಾಗಿ ಹೇಳಬೇಕಾಗಿದ್ದುದು ಈ ಮನೆಗಳ ಹೆಂಗಸರಿಗೆ. ಸಿನಿಮಾ ಆ ಮಾತನ್ನು ಒಂದು ಸಂಸಾರದ ಗುಟ್ಟನ್ನಾಗಿ ಬಳಸಿಕೊಂಡು ಮುಂದೆ ಹೋಗುತ್ತದೆ. ಕುಶಲತೆ ಸಾಲದು ಎಂದು ನಾನು ದೂರುತ್ತಿಲ್ಲ. ಅಷ್ಟು ಕುಶಲತೆ ಇದ್ದೂ ಆ ಬೂದಿ ಕಾಣಲಿಲ್ಲವಲ್ಲ ಎಂಬುದೇ ಆಕ್ಷೇಪ.

'ಸಿನಿಮಾ ಒಬ್ಬ ವಿಜ್ಞಾನಿಯ ಪಾಪಪ್ರಜ್ಞೆಯ ಬಗ್ಗೆ, ಇಲ್ಲದ್ದನ್ನ ಯಾಕೆ ಹುಡುಕ್ತೀರಿ?' ಅಂತ ಕೇಳುವವರಿದ್ದಾರೆ. ಈ ಪ್ರಶ್ನೆ ನಮಗೆ ಹಳೆಯದು. ನಮ್ಮ ನವ್ಯದ ಎಷ್ಟೋ ಕೃತಿಗಳನ್ನು ಓದುವಾಗಲೂ ಇದೇ ಮಾತು ಕೇಳಿದ್ದೇವೆ. ನಾಯಕನ ಒಳತೋಟಿ ಎಷ್ಟು ಸೂಕ್ಷ್ಮ ನೋಡಿ ಅಂತಿದ್ದರು. ತಪ್ಪು ಮಾಡಿದವನ ನೋವೇ ಕತೆಯ ನಡುಮನೆಯಲ್ಲಿ ಕೂತುಬಿಟ್ಟರೆ ತಪ್ಪಿಗೆ ತುತ್ತಾದವನು ಜಗುಲಿಗೂ ಬರಲಾರ. ಓಪನ್‌ಹೈಮರನ ಸಂಕಟ ಸುಳ್ಳಲ್ಲ. ಆದರೆ ಅದು ಆ ಸೀಮೆಯ ಸಂಕಟಗಳಲ್ಲಿ ಒಂದು ಮಾತ್ರ.

ಬೂದಿ ಬಿದ್ದ ಊರುಗಳ ಜನ ಸುಮ್ಮನೆ ಕೂರಲಿಲ್ಲ. 1990ರಲ್ಲಿ ಅಮೆರಿಕ ವಿಕಿರಣಕ್ಕೆ ತುತ್ತಾದವರಿಗೆ ಪರಿಹಾರದ ಕಾಯ್ದೆ ಮಾಡಿತು. ನೆವಾಡದ ಪ್ರಯೋಗಗಳಿಂದ ನೊಂದ ಪ್ರದೇಶಗಳು ಸೇರಿದವು, ಮೊದಲ ಬಾಂಬು ಸಿಡಿದ ನ್ಯೂ ಮೆಕ್ಸಿಕೊದ ಈ ಜನ ಸೇರಲಿಲ್ಲ. ಟುಲರೋಸದಲ್ಲಿ ಬೆಳೆದ, ತಾನೇ ಕ್ಯಾನ್ಸರ್ ಗೆದ್ದು ಬಂದ ಟೀನಾ ಕಾರ್ಡೋವಾ ಮತ್ತು ಸಂಗಡಿಗರು 2005ರಲ್ಲಿ ಸಂಘಟನೆ ಕಟ್ಟಿದರು. ಮನೆಮನೆಯ ಸಾವು, ರೋಗ ಬರೆದಿಟ್ಟರು. 2024ರಲ್ಲಿ ಆ ಕಾಯ್ದೆಯ ಅವಧಿಯೇ ತೀರಿಹೋಯಿತು. 2025ರ ಜುಲೈನಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟಾಗ ನ್ಯೂ ಮೆಕ್ಸಿಕೊ ಸೇರಿತು, ಗೊತ್ತುಪಡಿಸಿದ ಕ್ಯಾನ್ಸರ್‌ಗಳಿಗೆ 1 ಲಕ್ಷ ಡಾಲರ್. ಬೂದಿ ಬಿದ್ದು 80 ವರ್ಷವಾಗಿತ್ತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಅರ್ಜಿಗೆ ಸಹಿ ಹಾಕಬೇಕಾದವರೇ ಉಳಿದಿರಲಿಲ್ಲವೋ!

ಇನ್ನು ಎಡ್ವರ್ಡ್ ಆಬಿಯ 'ಫೈರ್ ಆನ್ ದಿ ಮೌಂಟನ್'. 1962ರ ಈ ಕಾದಂಬರಿಗೆ ನಡೆದ ಘಟನೆಯೇ ಬೀಜ. 1957ರಲ್ಲಿ ಜಾನ್ ಪ್ರೇಥರ್ ಎಂಬ ಎಂಬತ್ತು ದಾಟಿದ ಮುದುಕ ಸೈನ್ಯಕ್ಕೆ ನೆಲ ಕೊಡಲ್ಲ ಅಂತ ಮನೆ ಬಾಗಿಲಲ್ಲಿ ನಿಂತ. ಕೊನೆಗೆ ಸೈನ್ಯವೇ ಅವನ ಮನೆ ಮತ್ತು ಸುತ್ತಿನ ಸ್ವಲ್ಪ ನೆಲವನ್ನು ಬಿಟ್ಟು ಹೋಯಿತು. ಕಾದಂಬರಿಯ ಮುದುಕ ಜಾನ್ ವೋಗೆಲಿನ್ ಕೂಡ ಹಾಗೇ ನಿಲ್ಲುತ್ತಾನೆ, ಹನ್ನೆರಡು ವರ್ಷದ ಮೊಮ್ಮಗ ಕತೆ ಹೇಳುತ್ತಾನೆ. ಪ್ರಭುತ್ವದ ಎದುರು ಒಬ್ಬ ಮನುಷ್ಯ 'ಆಗಲ್ಲ' ಅನ್ನುವುದನ್ನು ಆಬಿ ಗಟ್ಟಿಯಾಗಿ ಬರೆದಿದ್ದಾರೆ. ಓದಿದರೆ ಮೈ ಬಿಸಿಯಾಗುತ್ತದೆ. ಇದು ಪ್ರತಿಭಟನೆಯ ಕಾದಂಬರಿ ಎಂದು ಒಪ್ಪಲು ನನಗೇನೂ ಅಡ್ಡಿಯಿಲ್ಲ.

ಆದರೆ ಇದು ಪಟ್ಟಾದಾರನ ಪ್ರತಿಭಟನೆ. ಮುದುಕನ ಕೈಯಲ್ಲಿ ಕಾಗದವಿದೆ. ಅವನ ಆಳು ಎಲಾಯ್ ಪೆರಾಲ್ಟನ ಕೈಯಲ್ಲಿ ಏನಿದೆ? ಧಣಿಯ ನೆಲ ಹೋದರೆ ಆಳಿನ ಅನ್ನವೂ ಹೋಗುತ್ತದೆ. ಧಣಿಗೆ ಪರಿಹಾರದ ಚೆಕ್ಕು ಬೇಡವೆನ್ನುವ ಹೆಮ್ಮೆಯಾದರೂ ಇದೆ, ಆಳಿಗೆ ಬೇಡವೆನ್ನಲು ಚೆಕ್ಕೇ ಇಲ್ಲ. ಆ ಸಂಸಾರ ಮುಂದೆ ಹೇಗೆ ಬದುಕಿತು ಎಂಬ ದಾರಿಯಲ್ಲಿ ಕಾದಂಬರಿ ನಡೆಯುವುದಿಲ್ಲ. ಅದೆಲ್ಲಕ್ಕೂ ಮುಂಚೆ ಈ ನೆಲ ಯಾರದಿತ್ತು ಎಂದು ಒಬ್ಬ ಅಪಾಚೆ ಎದುರು ನಿಂತು ಕೇಳುವ ದೃಶ್ಯವೂ ಇಲ್ಲ. ಮರಳುಗಾಡನ್ನು ಅಷ್ಟು ಪ್ರೀತಿಸಿದ ಆಬಿಯೇ 1980ರ ದಶಕದಲ್ಲಿ ಮೆಕ್ಸಿಕೊದ ಬಡವರಿಗೆ ಗಡಿ ಮುಚ್ಚಿ ಎಂದು ವಾದಿಸಿದರು. ನೆಲದ ಮೇಲಿನ ಪ್ರೀತಿ ನೆಲದಲ್ಲಿ ದುಡಿಯುವವನ ಮೇಲಿನ ಪ್ರೀತಿ ಆಗಿಯೇ ತೀರಬೇಕು ಅಂತೇನೂ ಇಲ್ಲ. ನಮ್ಮಲ್ಲೂ ಹಸಿರು, ಮಣ್ಣಿನ ವಾಸನೆ ಅಂತ ಬರೆದ ಎಷ್ಟೋ ಜನಕ್ಕೆ ಜೀತದವನ ಬೆವರು ವಾಸನೆ ಹೊಡೆದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಅಲಮೊಗೋರ್ಡೊದಂಥ ಊರಿಗೆ ವರ್ಗವಾಗಿ ಬರುವ ಸಿಪಾಯಿ ನಮ್ಮ ವೈರಿಯಲ್ಲ. ಬೇರೆ ಕೆಲಸ ಸಿಗದೆ ಸೈನ್ಯಕ್ಕೆ ಸೇರಿದ ಕಪ್ಪು ಹುಡುಗರು, ಬಡ ಬಿಳಿಯರು, ಆದಿವಾಸಿಗಳು ಅವರಲ್ಲಿದ್ದಾರೆ. ಹೋಟೆಲು, ಅಂಗಡಿ, ಬಾಡಿಗೆ ಮನೆ ನಡೆಯುವುದೂ ಅವರ ಸಂಬಳದಿಂದ. ನೊಂದ ಊರಿನ ಮಕ್ಕಳಿಗೆ ಕೂಲಿ ಕೊಡುವುದೂ ಅದೇ ನೆಲೆ. ಹೊಡೆದ ಕೈಯಿಂದಲೇ ಉಣ್ಣಬೇಕಾದ ಈ ಇಕ್ಕಟ್ಟು ಕೇರಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಇಕ್ಕಟ್ಟನ್ನು ಒಳಗಿನಿಂದ ಬರೆದವರು ಲೆಸ್ಲಿ ಮಾರ್ಮನ್ ಸಿಲ್ಕೊ. ಲಗುನಾ ಪ್ವೆಬ್ಲೊದಲ್ಲಿ ಬೆಳೆದ ಈ ಲೇಖಕಿಯ 'ಸೆರಿಮನಿ' ಬಂದದ್ದು 1977ರಲ್ಲಿ. ಅದರ ನಾಯಕ ತಾಯೊ ಅದೇ ಅಮೆರಿಕದ ಸೈನ್ಯದಲ್ಲಿ ಜಪಾನಿನ ವಿರುದ್ಧ ಹೋರಾಡಿ, ಮನಸ್ಸು ಕೆಟ್ಟು ಊರಿಗೆ ಬಂದವನು. ಸಮವಸ್ತ್ರ ತೊಟ್ಟಿದ್ದಾಗ ಸಿಕ್ಕ ಮರ್ಯಾದೆ ಬಿಚ್ಚಿದ ಮೇಲೆ ಇಲ್ಲ. ಅವನ ಅಜ್ಜಿ, ಕಣ್ಣು ಮಂಜಾದ ಮುದುಕಿ, ಒಂದು ಬೆಳಗಿನ ಜಾವ ತನ್ನ ಆ ಕಣ್ಣಿಗೂ ಕಾಣುವಷ್ಟು ದೊಡ್ಡ ಬೆಳಕು ಎದ್ದಿದ್ದನ್ನು ಹೇಳುತ್ತಾಳೆ. ಕೊನೆಗೆ ಯುರೇನಿಯಂ ತೆಗೆದು ಬಿಟ್ಟ ಗುಂಡಿಯ ಹತ್ತಿರ ನಿಂತಾಗ ತಾಯೊಗೆ ಹೊಳೆಯುತ್ತದೆ: ಬಾಂಬು ಮಾಡಿದ ಬೆಟ್ಟ, ಸಿಡಿಸಿದ ಬಯಲು, ಅಗೆದ ತನ್ನೂರ ನೆಲ, ಎಲ್ಲ ಒಂದೇ ಸುತ್ತಿನೊಳಗಿವೆ. ಇದೇ ನೆಲ, ಇದೇ ಬೆಳಕು. ಕಣ್ಣು ಮಾತ್ರ ಬೇರೆ. ನೋಲನ್ನರ ಬೆಳಕನ್ನು ಕಪ್ಪು ಕನ್ನಡಕ ಹಾಕಿದವರು ನೋಡುತ್ತಾರೆ, ಸಿಲ್ಕೊ ಬೆಳಕನ್ನು ಅಡುಗೆಮನೆಯ ಅಜ್ಜಿ ನೋಡುತ್ತಾಳೆ.

ದೂರದ ಈ ಮಾತು ನಮಗೆ ಯಾಕೆ? ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯೂ ಒಣಸೀಮೆಯ ಸಣ್ಣ ಊರೇ. ಅಲ್ಲಿನ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಿತು. 2017ರಲ್ಲಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು 'ನಮ್ಮ ಹುಲ್ಲು ಎಲ್ಲಿ' ಅಂತ ಕೇಳಿ ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ಕಾವಲು, ಗೋಮಾಳ, ಬೀಳು, ಖರಾಬು ಅಂತ ದಫ್ತರದಲ್ಲಿ ಬರೆದ ಮಾತಿಗೂ ನ್ಯೂ ಮೆಕ್ಸಿಕೊದ 'ಖಾಲಿ ಮರಳುಗಾಡು' ಎಂಬ ಮಾತಿಗೂ ಇರುವ ನಂಟನ್ನು ನಾವು ಗುರುತಿಸದೆ ಇನ್ಯಾರು ಗುರುತಿಸಬೇಕು?

ಆದ್ದರಿಂದ ಗೆಳೆಯರೆ, ಹೊಸ ಊರು ಕಟ್ಟಿದ ಕತೆ ಯಾರೇ ಹೇಳಲಿ, ಎಷ್ಟೇ ಚೆನ್ನಾಗಿ ಹೇಳಲಿ, ಮೊದಲು ಕೇಳಬೇಕಾದದ್ದು ಇದು: ನೀನು ಬರೋಕೆ ಮುಂಚೆ ಇಲ್ಲಿ ಯಾರ ಒಲೆ ಉರೀತಿತ್ತಪ್ಪಾ? ಚಳ್ಳಕೆರೆಯ ಕುರಿಗಾಹಿಯ ಮಗಳು ಇವತ್ತು ನಿಮ್ಮಲ್ಲಿ ಯಾರದೋ ಶಾಲೆಯಲ್ಲಿ ಕೂತಿರಬಹುದು. ಆ ಗೋಡೆಯ ಬಗ್ಗೆ ಒಂದು ಪ್ರಬಂಧ ಬರೆಯಲು ಅವಳಿಗೆ ಹೇಳಿ. ನಮ್ಮ 'ಸೆರಿಮನಿ' ಅಲ್ಲಿಂದ ಹುಟ್ಟಬೇಕು.